‘ಏನೋ ಮಾಡ್ಕೊಂಡ್ಬಿಟ್ಟ’: ಆತ್ಮಹತ್ಯೆ ಎಂಬ ಪದವನ್ನು ಬಳಸುವುದು ಹೇಗೆ?

ಯಾರೋ ದನಿ ತಗ್ಗಿಸಿ ‘ಅವರ ಮನೆ ಹುಡುಗ ಏನೋ ಮಾಡ್ಕೊಂಡ್ಬಿಟ್ಟನಂತೆ’ ಅಂದರೆ, ಏನು ಮಾಡಿಕೊಂಡ ಅಂತ ಯಾರೂ ತಿರುಗಿ ಕೇಳುವುದಿಲ್ಲ. ಆ ‘ಏನೋ’ ಏನು ಅಂತ ಎಲ್ಲರಿಗೂ ಗೊತ್ತು. ಮಾರನೆ ದಿನ ಅದೇ ಸುದ್ದಿ ಪತ್ರಿಕೆಯಲ್ಲಿ ಬರುತ್ತದೆ: ‘ಯುವಕ ಆತ್ಮಹತ್ಯೆಗೆ ಶರಣು’. ಮನೆಯಲ್ಲಿ ಪದವನ್ನೇ ನುಂಗಿಬಿಡುತ್ತೇವೆ. ಪತ್ರಿಕೆಯಲ್ಲಿ ಪದದ ಜೊತೆ ಬೇಡದ್ದನ್ನೂ ಸೇರಿಸುತ್ತೇವೆ.

ಬೇರೆಯವರು ಬರೆದದ್ದನ್ನು ತಿದ್ದುವುದು ನನ್ನ ಕೆಲಸ. ಈ ಪದ ಬಂದ ಕಡೆಯೆಲ್ಲ ಪೆನ್ನು ನಿಲ್ಲುತ್ತದೆ. ಹಾಗೆ ನಿಂತು ನಿಂತು ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಸುದ್ದಿ ಬರೆಯುವವರಿಗೆ, ಶ್ರದ್ಧಾಂಜಲಿ ಪೋಸ್ಟ್ ಹಾಕುವವರಿಗೆ, ಅನುವಾದ ಮಾಡುವವರಿಗೆ, ಸಾವಿನ ಮನೆಗೆ ಹೋಗಿ ಏನು ಮಾತಾಡಬೇಕು ಅಂತ ತಿಳಿಯದೆ ನಿಲ್ಲುವವರಿಗೆ ಉಪಯೋಗವಾಗಬಹುದು.

ಶುರು ಮಾಡುವ ಮುಂಚೆ ಒಂದು ಮಾತು. ನೀವು ಈ ಪದವನ್ನು ಹುಡುಕಿಕೊಂಡು ಬಂದಿದ್ದು ಬರವಣಿಗೆಗಾಗಿ ಅಲ್ಲ, ನಿಮ್ಮ ಮನಸ್ಸಿನಲ್ಲೇ ಅದು ಓಡಾಡುತ್ತಿದೆ ಅಂತಾದರೆ, ಮುಂದೆ ಓದಬೇಕಿಲ್ಲ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಥವಾ ಈಗಲೇ ಹತ್ತಿರ ಇರುವ ಯಾರಿಗಾದರೂ ಹೇಳಿ. ಈ ಲೇಖನ ಎಲ್ಲಿಗೂ ಹೋಗುವುದಿಲ್ಲ, ಆಮೇಲೆ ಓದಬಹುದು.

ಮೊದಲು ಪದವನ್ನು ಬಿಡಿಸಿ ನೋಡಿ

ಆತ್ಮ + ಹತ್ಯೆ. ಇಲ್ಲಿ ‘ಆತ್ಮ’ ಅಂದರೆ ದೇಹ ಬಿಟ್ಟು ಹೋಗುವ ಆ ಆತ್ಮ ಅಲ್ಲ. ಸಂಸ್ಕೃತದಲ್ಲಿ ಆತ್ಮ ಅನ್ನುವುದಕ್ಕೆ ‘ತಾನು, ತನ್ನ’ ಅನ್ನುವ ಅರ್ಥವೂ ಇದೆ. ಆತ್ಮಚರಿತ್ರೆ ಅಂದರೆ ತನ್ನ ಕಥೆ, ಆತ್ಮರಕ್ಷಣೆ ಅಂದರೆ ತನ್ನನ್ನು ತಾನು ಕಾಪಾಡಿಕೊಳ್ಳುವುದು. ಇದೂ ಹಾಗೇ. ಆದರೆ ತುಂಬಾ ಜನ ‘ಆತ್ಮವನ್ನೇ ಕೊಂದ ಪಾಪ’ ಅಂತ ವ್ಯಾಖ್ಯಾನ ಮಾಡುತ್ತಾರೆ, ಅದಕ್ಕೆ ಈಶಾವಾಸ್ಯ ಉಪನಿಷತ್ತಿನ ಮೂರನೇ ಮಂತ್ರವನ್ನೂ ತಂದು ಕೂರಿಸುತ್ತಾರೆ, ಯಾಕೆಂದರೆ ಅಲ್ಲಿ ‘ಆತ್ಮಹನೋ ಜನಾಃ’ ಅಂತ ಒಂದು ಮಾತಿದೆ. ಶಂಕರರ ಭಾಷ್ಯ ನೋಡಿದರೆ ಅಲ್ಲಿ ಹೇಳುತ್ತಿರುವುದು ತನ್ನ ನಿಜವಾದ ಸ್ವರೂಪ ತಿಳಿಯದೆ ಬದುಕುವ ಜನರ ಬಗ್ಗೆ. ಆ ಲೆಕ್ಕದಲ್ಲಿ ನಾವೆಲ್ಲ ಬಹುಪಾಲು ಅದೇ ಪಟ್ಟಿಯಲ್ಲಿದ್ದೇವೆ! ಮಗನನ್ನು ಕಳೆದುಕೊಂಡ ತಾಯಿಯ ಮುಂದೆ ಆ ಮಂತ್ರ ಹೇಳುವವರಿಗೆ ಇದನ್ನು ಯಾರಾದರೂ ತಿಳಿಸಬೇಕು.

ಇನ್ನು ‘ಹತ್ಯೆ’. ಭಾರ ಇರುವುದೇ ಇದರಲ್ಲಿ. ಕನ್ನಡದಲ್ಲಿ ಕೊಲೆ ಬೇರೆ, ಹತ್ಯೆ ಬೇರೆ. ಬೀದಿ ಜಗಳದಲ್ಲಿ ಆಗುವುದು ಕೊಲೆ, ಗಾಂಧೀಜಿಯವರದು ಹತ್ಯೆ. ಧರ್ಮಶಾಸ್ತ್ರದಲ್ಲಿ ಬ್ರಹ್ಮಹತ್ಯೆ ಮಹಾಪಾತಕ. ಗೋಹತ್ಯೆ, ಶಿಶುಹತ್ಯೆ, ಭ್ರೂಣಹತ್ಯೆ ಅಂತ ಹೇಳುತ್ತಾ ಹೋದರೆ ಎಲ್ಲವೂ ಪಾಪದ, ಅಪರಾಧದ ಪಟ್ಟಿಯೇ. ಅದೇ ಸಾಲಿನಲ್ಲಿ ಆತ್ಮಹತ್ಯೆಯೂ ಕೂತಿದೆ. ಅಂದರೆ ಪದ ಹುಟ್ಟುವಾಗಲೇ ಸತ್ತವನ ಮೇಲೆ ಒಂದು ಕೊಲೆ ಕೇಸು ಹಾಕಿಕೊಂಡೇ ಹುಟ್ಟಿದೆ. ತಮಿಳಿನ ‘ತರ್ಕೊಲೈ’ ಕೂಡ ಹಾಗೆ, ತನ್ನ ಕೊಲೆ ಅಂತಲೇ ಅರ್ಥ. ಲ್ಯಾಟಿನ್‌ನಿಂದ ಮಾಡಿದ ಇಂಗ್ಲಿಷಿನ ‘ಸೂಯಿಸೈಡ್’ ಕೂಡ ಬಿಡಿಸಿದರೆ ಅದೇ.

ಹಾಗಂತ ಪದವನ್ನೇ ಬಿಟ್ಟುಬಿಡೋಣವೇ? ಬೇಡ ಅನ್ನುವುದು ನನ್ನ ಅಭಿಪ್ರಾಯ. ಎಲ್ಲರಿಗೂ ತಿಳಿಯುವ, ಬೇರೆ ಅರ್ಥಕ್ಕೆ ಎಡೆ ಕೊಡದ ಪದ ನಮ್ಮಲ್ಲಿ ಇದೊಂದೇ. ಹೊಸದೊಂದನ್ನು ಹುಟ್ಟಿಸಿದರೆ ಅದನ್ನು ವಿವರಿಸಲು ಮತ್ತೆ ಇದನ್ನೇ ಹೇಳಬೇಕು. ಪದ ಇರಲಿ. ಅದರ ಅಕ್ಕಪಕ್ಕ ಏನು ಇಡುತ್ತೇವೆ ಅನ್ನುವುದನ್ನು ನೋಡೋಣ.

ಕಾಗುಣಿತ: ಆತ್ಮಹತ್ಯೆ. ‘ಅತ್ಮಹತ್ಯೆ’, ‘ಆತ್ಮಹತ್ಯ’ ಎರಡೂ ತಪ್ಪು. ‘ಆತ್ಮಹತ್ಯಾ ಯತ್ನ’ ಅಂತಲೂ ಬರೆಯಬಹುದು, ‘ಆತ್ಮಹತ್ಯೆ ಯತ್ನ’ ಅಂತಲೂ ಬರೆಯಬಹುದು.

ಹತ್ತಿರದ ಪದಗಳ ಜೊತೆ ಬೆರೆಸಬೇಡಿ

ಆತ್ಮಾಹುತಿ ಅನ್ನುವುದು ಈಗ ಹೆಚ್ಚಾಗಿ ‘ಆತ್ಮಾಹುತಿ ದಾಳಿ’ಯಲ್ಲೇ ಉಳಿದಿದೆ. ಆಹುತಿ ಅಂದರೆ ಹೋಮಕ್ಕೆ ಅರ್ಪಿಸುವುದು. ಇಷ್ಟು ಪವಿತ್ರವಾದ ಪದ ಬಾಂಬಿನ ಜೊತೆ ಹೇಗೆ ಸೇರಿತೋ ಅಂತ ನನಗೆ ಇವತ್ತಿಗೂ ಆಶ್ಚರ್ಯ. ಅಲ್ಲಿ ಮುಖ್ಯ ಉದ್ದೇಶ ಬೇರೆಯವರನ್ನು ಕೊಲ್ಲುವುದು. ಹಾಗಾಗಿ ಅದನ್ನು ಆತ್ಮಹತ್ಯೆ ಅಂತ ಬರೆಯುವುದಿಲ್ಲ, ಆತ್ಮಹತ್ಯೆಯನ್ನು ಆತ್ಮಾಹುತಿ ಅಂತಲೂ ಬರೆಯಬಾರದು.

ಸಲ್ಲೇಖನ ಅಂದರೆ ಉಪವಾಸವಿದ್ದು ದೇಹ ಬಿಡುವ ಜೈನರ ವ್ರತ. ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಹೀಗೆ ದೇಹ ಬಿಟ್ಟವರ ಶಾಸನಗಳು ಸಾಲಾಗಿವೆ, ಅವರ ನೆನಪಿನ ಕಲ್ಲುಗಳಿಗೆ ನಿಸಿದಿ ಅಂತ ಹೆಸರು. ಅಲ್ಲಿ ಸಮಾಧಿ, ಸನ್ಯಸನ ಅನ್ನುವ ಪದಗಳು ಬರುತ್ತವೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಇದನ್ನು ಆತ್ಮಹತ್ಯೆಗೆ ಸಮ ಅಂದಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ವಾದ ಏನೇ ಇರಲಿ, ಬರೆಯುವಾಗ ಸಲ್ಲೇಖನವನ್ನು ಸಲ್ಲೇಖನ ಅಂತಲೇ ಬರೆಯಿರಿ.

ಹಳಗನ್ನಡದಲ್ಲಿ ‘ವೇಳೆವಾಳಿ’ ಅಂತ ಒಂದಿತ್ತು. ಒಡೆಯನ ಜೊತೆಗೇ ಸಾಯುವ ಪಣ. ಹಳೇಬೀಡಿನ ಗರುಡಗಂಬದಲ್ಲಿ ಹೊಯ್ಸಳ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಕಥೆ ಕೆತ್ತಿದ್ದಾರೆ. ಅದು ಆ ಕಾಲದ ಲೋಕ, ಅದಕ್ಕೆ ಆ ಕಾಲದ ಪದ. ತೊಂದರೆ ಆಗುವುದು ನಾವು ಆ ಭಾಷೆಯನ್ನು ಇವತ್ತಿಗೆ ತಂದಾಗ. ನಟನೋ ನಾಯಕನೋ ತೀರಿಕೊಂಡಾಗ ಅಭಿಮಾನಿಯೊಬ್ಬ ಜೀವ ಕಳೆದುಕೊಂಡರೆ ಅದನ್ನು ‘ಬಲಿದಾನ’ ಅಂತ ಬರೆಯುತ್ತಾರೆ, ಚಳವಳಿಗಳಲ್ಲೂ ಹಾಗೇ. ದಯವಿಟ್ಟು ಬೇಡ. ಓದುವ ಇನ್ನೊಬ್ಬ ಹುಡುಗನಿಗೆ ಅದು ಹೊಗಳಿಕೆಯಾಗಿಯೇ ಕೇಳಿಸುತ್ತದೆ.

ದಯಾಮರಣ ಬೇರೆಯೇ ವಿಷಯ. ವರ್ಷಗಟ್ಟಲೆ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದ ನರ್ಸ್ ಅರುಣಾ ಶಾನಭಾಗ್ ಪ್ರಕರಣದ 2011ರ ತೀರ್ಪು, ಆಮೇಲೆ 2018ರ ತೀರ್ಪು, ಇವೆಲ್ಲ ಗುಣವಾಗದ ರೋಗಿಗೆ ಕೊಡುತ್ತಿರುವ ಚಿಕಿತ್ಸೆಯನ್ನು ನಿಲ್ಲಿಸುವ ಬಗ್ಗೆ. ಅಲ್ಲಿ ಆತ್ಮಹತ್ಯೆ ಅನ್ನುವ ಪದ ಬರಲೇಬಾರದು.

ಕ್ರಿಯಾಪದ ಆರಿಸುವಾಗ ಜಾಸ್ತಿ ಹೊತ್ತು ಯೋಚಿಸಿ

ಇಂಗ್ಲಿಷಿನಲ್ಲಿ ‘ಕಮಿಟ್’ ಅನ್ನುವ ಕ್ರಿಯಾಪದದ ಬಗ್ಗೆ ದೊಡ್ಡ ಚರ್ಚೆ ನಡೆದಿದೆ. ಅಪರಾಧಕ್ಕೆ ಬಳಸುವ ಪದ ಅದು, ಇಂಗ್ಲೆಂಡಿನಲ್ಲಿ 1961ರವರೆಗೂ ಇದು ಅಪರಾಧವೇ ಆಗಿತ್ತು, ಆ ವಾಸನೆ ಪದದಲ್ಲಿ ಉಳಿದಿದೆ ಅಂತ ಈಗ ಅದನ್ನು ಬಿಡುತ್ತಿದ್ದಾರೆ. ಅದನ್ನು ನೋಡಿ ನಮ್ಮವರೂ ‘ಆತ್ಮಹತ್ಯೆಯಿಂದ ಮೃತಪಟ್ಟರು’ ಅಂತ ಬರೆಯಲು ಶುರು ಮಾಡಿದ್ದಾರೆ. ತಪ್ಪೇನಿಲ್ಲ, ಆದರೆ ಅವರ ಕಾಯಿಲೆಗೆ ಕೊಟ್ಟ ಔಷಧಿ ನಾವು ಕುಡಿದ ಹಾಗೆ.

ಕನ್ನಡದಲ್ಲಿ ಅಪರಾಧಕ್ಕೆ ‘ಎಸಗು’ ಅಂತ ಬೇರೆ ಪದ ಇದೆ. ಆತ್ಮಹತ್ಯೆ ಎಸಗಿದ ಅಂತ ಯಾರೂ ಹೇಳುವುದಿಲ್ಲ. ನಾವು ಹೇಳುವುದು ‘ಮಾಡಿಕೊಂಡ’. ಗಾಯ ಮಾಡಿಕೊಂಡ, ಸಾಲ ಮಾಡಿಕೊಂಡ, ಮದುವೆ ಮಾಡಿಕೊಂಡ. ಆ ‘ಕೊಳ್ಳು’ ಏನು ಹೇಳುತ್ತದೆ ಅಂದರೆ, ಮಾಡಿದ್ದು ಮಾಡಿದವರಿಗೇ ಬಂತು ಅಂತ. ಅಷ್ಟೇ. ಅದರಲ್ಲಿ ಬೈಗುಳ ಇಲ್ಲ, ಹೊಗಳಿಕೆಯೂ ಇಲ್ಲ. ‘ಆತ್ಮಹತ್ಯೆ ಮಾಡಿಕೊಂಡರು’ ಅನ್ನುವುದು ನನ್ನ ಪ್ರಕಾರ ಸಾಕಷ್ಟು ನೇರವಾದ, ಸಮತೂಕದ ವಾಕ್ಯ. ‘ಜೀವ ಕಳೆದುಕೊಂಡರು’ ಇನ್ನೂ ಮೆದು, ಆದರೆ ಅಪಘಾತಕ್ಕೂ ಅದನ್ನೇ ಹೇಳುತ್ತೇವೆ, ಹಾಗಾಗಿ ಸ್ಪಷ್ಟವಾಗಿ ಹೇಳಬೇಕಾದ ಕಡೆ ಸಾಲುವುದಿಲ್ಲ.

ನಮ್ಮ ಕಾಯಿಲೆ ಇರುವುದು ‘ಶರಣು’ ಅನ್ನುವುದರಲ್ಲಿ.

ಕನ್ನಡದಲ್ಲಿ ಶರಣು ಎಂಥ ಪದ ಅಂತ ಒಮ್ಮೆ ನೆನಪು ಮಾಡಿಕೊಳ್ಳಿ. ಬಸವಣ್ಣನವರ ಕಾಲದ ಶರಣರು, ಶರಣು ಶರಣಾರ್ಥಿ, ಶರಣು ಬಂದವರನ್ನು ಕಾಯುವುದು. ಯಾರ ಹತ್ತಿರ ಹೋದರೆ ಕಾಪಾಡುತ್ತಾರೋ ಅವರಿಗೆ ಶರಣಾಗುವುದು. ಆ ಪದವನ್ನು ತಂದು ಸಾವಿನ ಪಕ್ಕ ಇಟ್ಟರೆ ಸಾವೇ ಆಸರೆ ಅಂತ ಆಗುತ್ತದೆ. ಇಷ್ಟೆಲ್ಲ ಯೋಚಿಸಿ ಯಾರೂ ಬರೆಯುವುದಿಲ್ಲ, ನನಗೆ ಗೊತ್ತು. ತಲೆಬರಹಕ್ಕೆ ಜಾಗ ಕಡಿಮೆ, ‘ಶರಣು’ ಮೂರೇ ಅಕ್ಷರ, ಸಲೀಸಾಗಿ ಕೂರುತ್ತದೆ. ನಾನೂ ವರ್ಷಗಟ್ಟಲೆ ಹಾಗೇ ಬಿಟ್ಟಿದ್ದೇನೆ. ಒಂದು ದಿನ ಹೊಸದಾಗಿ ಕನ್ನಡ ಕಲಿಯುತ್ತಿದ್ದವರೊಬ್ಬರು ‘ಶರಣು ಅಂದರೆ ನಮಸ್ಕಾರ ಅಲ್ವಾ, ಇಲ್ಲಿ ಯಾಕೆ ಹೀಗಿದೆ?’ ಅಂತ ಕೇಳಿದರು. ಉತ್ತರ ಕೊಡಲು ಬಾಯಿ ಬರಲಿಲ್ಲ. ಕೆಲವು ತಲೆಬರಹಗಳಂತೂ ಸತ್ತ ವಿಧಾನದ ಹೆಸರನ್ನೇ ಹಾಕಿ ಅದಕ್ಕೆ ಶರಣು ಅನ್ನುತ್ತವೆ. ಅಲ್ಲಿ ಎರಡು ತಪ್ಪು ಒಟ್ಟಿಗೆ ಆಗುತ್ತವೆ.

ತಿದ್ದುವುದು ಸುಲಭ. ‘ವಿದ್ಯಾರ್ಥಿ ಆತ್ಮಹತ್ಯೆಗೆ ಶರಣು’ ಅನ್ನುವ ಕಡೆ ‘ವಿದ್ಯಾರ್ಥಿ ಸಾವು’ ಅಂತ ತಲೆಬರಹ ಕೊಡಿ, ಉಳಿದದ್ದನ್ನು ಒಳಗೆ ಒಂದು ವಾಕ್ಯದಲ್ಲಿ ಹೇಳಿ. ಅಕ್ಷರವೂ ಉಳಿಯುತ್ತದೆ.

‘ಆತ್ಮಹತ್ಯೆ ಯತ್ನ ವಿಫಲ’ ಅಂತ ಬರೆದರೆ ಬದುಕಿದ್ದೇ ಒಂದು ಸೋಲು ಅಂದ ಹಾಗೆ. ‘ಬದುಕುಳಿದರು’ ಅನ್ನುವ ಒಳ್ಳೆಯ ಪದ ಇದೆಯಲ್ಲ!

ಇನ್ನೊಂದು ಸಣ್ಣದು, ಆದರೆ ನನಗೆ ಇದೇ ಜಾಸ್ತಿ ಚುಚ್ಚುತ್ತದೆ. ಬೈಕ್ ಅಪಘಾತದಲ್ಲಿ ಹೋದ ಹುಡುಗ ‘ಮೃತಪಟ್ಟಿದ್ದಾರೆ’, ಅದೇ ವಯಸ್ಸಿನ ಇನ್ನೊಬ್ಬ ‘ಆತ್ಮಹತ್ಯೆ ಮಾಡಿಕೊಂಡಿದ್ದಾನೆ’. ಒಂದೇ ಪುಟದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಬಹುವಚನ ಕೊಡಲು ಖರ್ಚೇನೂ ಇಲ್ಲ. ‘ಮಾಡಿಕೊಂಡಿದ್ದಾರೆ’ ಅನ್ನಿ.

ಕಾರಣ ಬರೆಯುವ ಮುಂಚೆ ನಿಲ್ಲಿ

‘ಸಾಲಬಾಧೆ ತಾಳಲಾರದೆ’, ‘ಮನನೊಂದು’, ‘ಜೀವನದಲ್ಲಿ ಜಿಗುಪ್ಸೆಗೊಂಡು’, ‘ಕ್ಷುಲ್ಲಕ ಕಾರಣಕ್ಕೆ’. ಇವು ಅಚ್ಚಿನಲ್ಲೇ ಎರಕ ಹೊಯ್ದ ಹಾಗೆ ಬರುತ್ತವೆ. ಇವುಗಳಲ್ಲಿ ಕೊನೆಯದು ತೀರಾ ಕೆಟ್ಟದ್ದು. ಯಾರಿಗೆ ಕ್ಷುಲ್ಲಕ? ಒಂದು ಸಾವಿನ ಹಿಂದೆ ಖಿನ್ನತೆ, ಕುಡಿತ, ಸಾಲ, ಮನೆಯೊಳಗಿನ ಹಿಂಸೆ, ಹಳೆಯ ನೋವು, ಒಂಟಿತನ ಹೀಗೆ ಹಲವು ಸೇರಿರುತ್ತವೆ. ಪರೀಕ್ಷೆಯ ಫಲಿತಾಂಶವೋ ಫೋನ್ ಕೊಡಿಸದೇ ಇದ್ದದ್ದೋ ನಮ್ಮ ಕಣ್ಣಿಗೆ ಬಿದ್ದ ಕೊನೆಯ ಘಟನೆ ಅಷ್ಟೇ. ‘ಫೇಲಾಗಿದ್ದಕ್ಕೆ ಆತ್ಮಹತ್ಯೆ’ ಅಂತ ಬರೆದರೆ, ಫೇಲಾದ ಇನ್ನೊಂದು ಮಗುವಿಗೆ ಇದೂ ಒಂದು ದಾರಿ ಅಂತ ತೋರಿಸಿಕೊಟ್ಟ ಹಾಗಾಗುತ್ತದೆ.

ಇದು ಬರೀ ಊಹೆ ಅಲ್ಲ. ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ 1980ರ ದಶಕದಲ್ಲಿ ಒಂದು ಬಗೆಯ ಆತ್ಮಹತ್ಯೆಗಳನ್ನು ಪತ್ರಿಕೆಗಳು ರೋಚಕವಾಗಿ ಬರೆಯುತ್ತಿದ್ದವು. 1987ರಲ್ಲಿ ಪತ್ರಕರ್ತರಿಗೆ ಮಾರ್ಗಸೂಚಿ ಕೊಟ್ಟರು, ಬರೆಯುವ ರೀತಿ ಬದಲಾಯಿತು, ಆ ಬಗೆಯ ಸಾವುಗಳೂ ಇಳಿದವು. ನಮ್ಮ ಭಾರತೀಯ ಪತ್ರಿಕಾ ಮಂಡಳಿಯೂ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಇಟ್ಟುಕೊಂಡು 2019ರಲ್ಲಿ ನಿಯಮ ಮಾಡಿದೆ. ಸುದ್ದಿಯನ್ನು ಎದ್ದು ಕಾಣುವಂತೆ ಹಾಕಬೇಡಿ, ಮತ್ತೆ ಮತ್ತೆ ಹಾಕಬೇಡಿ, ವಿಧಾನ ವಿವರಿಸಬೇಡಿ, ಜಾಗದ ವಿವರ ಬೇಡ, ಫೋಟೊ ವಿಡಿಯೊ ಬೇಡ ಅಂತ ಅದರ ಸಾರ. ಪತ್ರ ಬರೆದಿಟ್ಟಿದ್ದರೆ ಅದನ್ನೂ ಹಾಕಬೇಡಿ. ವಾಟ್ಸ್ಆ್ಯಪ್ ಗುಂಪಿನಲ್ಲಿ ಫಾರ್ವರ್ಡ್ ಮಾಡುವವರೂ ಇದನ್ನೇ ಪಾಲಿಸಬಹುದು.

ಆದರೆ ಪದವನ್ನು ಬಿಡಲೇಬಾರದ ಜಾಗವೂ ಇದೆ. ‘ರೈತರ ಆತ್ಮಹತ್ಯೆ’ ಅನ್ನುವುದು ಈಗ ಸರ್ಕಾರಿ ಕಡತದ ಪದ. ಸತ್ತವರ ಮನೆಗೆ ಪರಿಹಾರ ಬರುವುದೋ ಇಲ್ಲವೋ ಅನ್ನುವುದು ಆ ಪದ ಕಡತದಲ್ಲಿ ಇದೆಯೋ ಇಲ್ಲವೋ ಅನ್ನುವುದರ ಮೇಲೆ ನಿಂತಿರುತ್ತದೆ. ಅಲ್ಲಿ ಮೆದು ಮಾತು ಹಾಕಿ ಮುಚ್ಚಿದರೆ ಅದು ಮರ್ಯಾದೆ ಅಲ್ಲ, ಅನ್ಯಾಯ.

ಪೊಲೀಸ್, ಕೋರ್ಟ್ ಪದಗಳು

ತನಿಖೆ ಮುಗಿಯುವವರೆಗೆ ‘ಅಸಹಜ ಸಾವು’ ಅಂತ ಬರೆಯಿರಿ. ಪೊಲೀಸರು ದಾಖಲಿಸುವುದೂ ಅಸಹಜ ಸಾವು ಅಂತಲೇ, ಯುಡಿಆರ್ ಅನ್ನುತ್ತಾರಲ್ಲ, ಅದು. ನೀವು ಮೊದಲೇ ತೀರ್ಪು ಕೊಡಬೇಡಿ.

ಆತ್ಮಹತ್ಯೆಗೆ ಯತ್ನಿಸಿದವರನ್ನು ‘ಆರೋಪಿ’ ಅನ್ನುವ ಕಾಲ ಹೋಯಿತು. 1860ರ ಭಾರತೀಯ ದಂಡ ಸಂಹಿತೆಯ ಸೆಕ್ಷನ್ 309ರಲ್ಲಿ ಯತ್ನಕ್ಕೆ ಒಂದು ವರ್ಷದವರೆಗೆ ಶಿಕ್ಷೆ ಇತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಸೆಕ್ಷನ್ 115 ಬಂದು, ಅಂಥವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಶಿಕ್ಷಿಸಬಾರದು, ಸರ್ಕಾರ ಅವರಿಗೆ ಆರೈಕೆ ಕೊಡಬೇಕು ಅಂದಿತು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 309 ಇಲ್ಲವೇ ಇಲ್ಲ. ಸರ್ಕಾರಿ ನೌಕರರ ಕೆಲಸ ತಡೆಯಲು ಅಥವಾ ಅವರನ್ನು ಬಲವಂತ ಮಾಡಲು ಆತ್ಮಹತ್ಯೆಗೆ ಯತ್ನಿಸಿದರೆ ಮಾತ್ರ ಸೆಕ್ಷನ್ 226 ಇದೆ. ಬೇರೆಯವರನ್ನು ಅಲ್ಲಿಗೆ ತಳ್ಳುವುದು ಮಾತ್ರ ಈಗಲೂ ಅಪರಾಧ. ಅದು ಸೆಕ್ಷನ್ 108, ‘ಆತ್ಮಹತ್ಯೆಗೆ ಪ್ರಚೋದನೆ’ ಅಥವಾ ‘ಕುಮ್ಮಕ್ಕು’. ಹಳೆಯ 306 ಇದೇ.

ತಮಾಷೆ, ರೂಪಕ

‘ರಾಜಕೀಯ ಆತ್ಮಹತ್ಯೆ’ ಅನ್ನುತ್ತಾರೆ. ಬ್ಯಾಟ್ಸ್‌ಮನ್ ಇಲ್ಲದ ರನ್ನಿಗೆ ಓಡಿದರೆ ಕಾಮೆಂಟರಿಯಲ್ಲಿ ‘ಇದು ಆತ್ಮಹತ್ಯೆ’. ನಾನು ಭಾಷೆಯ ಪೊಲೀಸ್ ಅಲ್ಲ. ಆದರೆ ಇದಕ್ಕಿಂತ ರುಚಿಯಾದ ಮಾತುಗಳು ನಮ್ಮಲ್ಲಿ ರಾಶಿ ಇವೆ: ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡ, ತನ್ನ ಗುಂಡಿ ತಾನೇ ತೋಡಿಕೊಂಡ, ಕೈಯಾರೆ ಕೆಡಿಸಿಕೊಂಡ. ಇವನ್ನು ಬಿಟ್ಟು ಅದನ್ನೇ ಯಾಕೆ ಹಿಡಿಯಬೇಕು?

ಪೋಸ್ಟ್ ಅಳಿಸಿ ಹೋಗುತ್ತದೆ ಅಂತ ‘ಆತ್ಮ*ತ್ಯೆ’ ಅಂತ ಸ್ಟಾರ್ ಹಾಕುವವರಿಗೆ ಒಂದು ಮಾತು. ಸಹಾಯ ಹುಡುಕುತ್ತಿರುವವರು ಪದವನ್ನು ಪೂರ್ತಿಯಾಗಿಯೇ ಟೈಪ್ ಮಾಡುತ್ತಾರೆ. ನಿಮ್ಮ ಒಳ್ಳೆಯ ಪೋಸ್ಟ್ ಅವರಿಗೆ ಸಿಗುವುದೇ ಇಲ್ಲ.

ಸಾವಿನ ಮನೆಯಲ್ಲಿ

ಮನೆಯವರು ಯಾವ ಪದ ಬಳಸುತ್ತಾರೋ ಅದನ್ನೇ ನೀವೂ ಬಳಸಿ. ಅವರು ‘ಹಾರ್ಟ್ ಅಟ್ಯಾಕ್’ ಅಂದರೆ ತಿದ್ದಲು ಹೋಗಬೇಡಿ. ‘ಮೊದಲೇ ಗೊತ್ತಾಗಲಿಲ್ವಾ?’, ‘ಏನಾದರೂ ಬರೆದಿಟ್ಟಿದ್ನಾ?’ ಇವೆರಡು ಪ್ರಶ್ನೆ ನಾಲಿಗೆ ತುದಿಗೆ ಬಂದೇ ಬರುತ್ತವೆ, ಅಲ್ಲೇ ನುಂಗಿ. ‘ಹೇಡಿ’ ಅನ್ನಬೇಡಿ. ‘ಅವನಿಗಾದರೂ ನೆಮ್ಮದಿ ಸಿಕ್ಕಿತು’ ಅಂತಲೂ ಅನ್ನಬೇಡಿ, ಅಲ್ಲೇ ಕೂತಿರುವ ತಮ್ಮನೋ ತಂಗಿಯೋ ಕೇಳಿಸಿಕೊಳ್ಳುತ್ತಿರುತ್ತಾರೆ. ಹೋದವರ ಹೆಸರು ಹೇಳಿ, ಅವರ ಬಗ್ಗೆ ನಿಮಗೆ ನೆನಪಿರುವ ಒಂದು ಒಳ್ಳೆಯ ವಿಷಯ ಹೇಳಿ. ಏನೂ ತೋಚದಿದ್ದರೆ ಸುಮ್ನೆ ಕೂತಿರಿ, ಎದ್ದು ಹೋಗುವಾಗ ‘ನಾಳೆ ಬರ್ತೀನಿ’ ಅನ್ನಿ. ನಾಳೆ ಹೋಗಿ.

ಎದುರಿಗಿರುವವರನ್ನು ಕೇಳುವಾಗ

ಮೊದಲು ಹೇಳಿದ ಆ ‘ಏನೋ’ ಇಲ್ಲಿ ನಿಜಕ್ಕೂ ಅಡ್ಡ ಬರುತ್ತದೆ. ಗೆಳೆಯ ತುಂಬಾ ಕುಗ್ಗಿದ್ದಾನೆ, ನಮಗೆ ಅನುಮಾನ. ಆಗ ನಾವು ಹೇಳುವುದು ಏನು? ‘ಏನೂ ಮಾಡ್ಕೋಬೇಡ ಕಣೋ’. ಇದು ಪ್ರಶ್ನೆಯೇ ಅಲ್ಲ. ಇದಕ್ಕೆ ‘ಇಲ್ಲ ಬಿಡು’ ಅಂತ ಒಂದೇ ಉತ್ತರ, ಅಲ್ಲಿಗೆ ಮಾತು ಮುಗಿಯಿತು. ‘ಹಾಗೆಲ್ಲ ಯೋಚನೆ ಮಾಡ್ತಿಲ್ಲ ತಾನೇ?’ ಅನ್ನುವುದೂ ಹಾಗೇ. ಇಲ್ಲ ಅನ್ನು ಅಂತ ನಾವೇ ಹೇಳಿಕೊಟ್ಟು ಕೇಳುತ್ತಿದ್ದೇವೆ.

‘ನಿಂಗೆ ಸಾಯಬೇಕು ಅನ್ನಿಸ್ತಿದೆಯಾ?’ ಅಂತ ಕೇಳಿ. ‘ಆತ್ಮಹತ್ಯೆ ಬಗ್ಗೆ ಯೋಚನೆ ಬರ್ತಿದೆಯಾ?’ ಅಂತ ಪದ ಹೇಳಿಯೇ ಕೇಳಿ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಅನ್ನುವುದು ಎಲ್ಲರ ಭಯ. ಹಾಗಾಗುವುದಿಲ್ಲ ಅಂತ ಅಧ್ಯಯನಗಳು ಹೇಳಿವೆ. ಎಷ್ಟೋ ಸಲ ಯಾರೋ ಒಬ್ಬರು ಬಾಯಿಬಿಟ್ಟು ಕೇಳಿದರಲ್ಲ ಅಂತ ಉಸಿರು ಹಗುರಾಗುತ್ತದೆ.

‘ಹೂಂ’ ಅಂದರೆ ಬೆಚ್ಚಿ ಬುದ್ಧಿವಾದಕ್ಕೆ ಇಳಿಯಬೇಡಿ. ‘ಅಪ್ಪ ಅಮ್ಮನ ಬಗ್ಗೆ ಯೋಚಿಸು’ ಅನ್ನುವುದು ಆಮೇಲಿನ ಮಾತು, ಅವರು ಅದನ್ನು ಸಾವಿರ ಸಲ ಯೋಚಿಸಿಯೇ ಕೂತಿರುತ್ತಾರೆ. ಯಾವಾಗಿಂದ ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಇವತ್ತೇ ಏನಾದರೂ ಆಗಬಹುದು ಅನ್ನಿಸಿದರೆ ಒಬ್ಬರನ್ನೇ ಬಿಡಬೇಡಿ. ಅಪಾಯ ಆಗುವಂಥದ್ದು ಕೈಗೆ ಸಿಗದ ಹಾಗೆ ನೋಡಿಕೊಳ್ಳಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ, ಇಲ್ಲವೇ 112ಕ್ಕೆ ಫೋನ್ ಮಾಡಿ. ‘ಯಾರಿಗೂ ಹೇಳಲ್ಲ ಅಂತ ಆಣೆ ಮಾಡು’ ಅಂದರೆ ಮಾಡಬೇಡಿ.

ಅಷ್ಟು ತುರ್ತಿಲ್ಲ ಅನ್ನಿಸಿದರೆ 14416ಕ್ಕೆ ಇಬ್ಬರೂ ಕೂತು ಫೋನ್ ಮಾಡಬಹುದು. ಟೆಲಿ ಮಾನಸ್ ಶುರುವಾಗಿದ್ದು 2022ರ ಅಕ್ಟೋಬರ್ 10ರಂದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಫೋನ್ ಮಾಡುವವರೇ ಕಷ್ಟದಲ್ಲಿರಬೇಕು ಅಂತೇನಿಲ್ಲ. ಚೆನ್ನಾಗಿ ಮಾತು ಜೋಡಿಸಿಕೊಂಡು ಹೇಳಬೇಕು ಅಂತಲೂ ಇಲ್ಲ. ‘ನನ್ನ ಗೆಳೆಯ ಸಾಯಬೇಕು ಅಂತಿದ್ದಾನೆ, ಪಕ್ಕದಲ್ಲೇ ಇದ್ದಾನೆ, ನಾನೇನು ಮಾಡಲಿ?’ ಅಂದರೆ ಸಾಕು.